ಸೊನ್ನೆ ಕ್ರೆಡಿಟ್‌ನ ಗಣಿತ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಗಣಿತದ ಪೇಪರ್ ಬಗ್ಗೆ ಮಾತಾಡ್ತೀನಿ. ಹೆದರಿ ಸ್ಕಿಪ್ ಮಾಡಬೇಡಿ. ಇದರಲ್ಲಿ ಬರೋ ಲೆಕ್ಕಕ್ಕೆ ಹೈಸ್ಕೂಲಿನ ಪೈಥಾಗೊರಸ್ ಸಾಕು.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಆಮೇಲೆ ಪಿಯುಸಿ ಬಿಟ್ಟು ಮೂರು ವರ್ಷದ ಸಿವಿಲ್ ಡಿಪ್ಲೊಮಾ, ಬೇಗ ಕೆಲಸ ಸಿಗುತ್ತೆ ಅಂತ. ಡಿಪ್ಲೊಮಾ ಆದೋರು ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಲ್ಯಾಟರಲ್ ಎಂಟ್ರಿ ಅಂತಾರೆ. ಒಂದು ವರ್ಷದ ಫೀಸು ಉಳೀತು ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದ್ರು.

ಫೀಸಿನ ಜೊತೆ ಒಂದು ವರ್ಷದ ಗಣಿತವೂ ತಪ್ಪಿಹೋಗಿತ್ತು, ಅದು ನನಗೆ ಸೇರಿದ ಮೇಲೆ ಗೊತ್ತಾಯ್ತು. ಆ ತೂತು ಮುಚ್ಚೋಕೆ ವಿಟಿಯುನವರು ನಮ್ಮಂಥೋರಿಗೆ ಅಂತಲೇ ಒಂದು ಬ್ರಿಡ್ಜ್ ಕೋರ್ಸ್ ಇಟ್ಟಿದ್ರು. 2018ರ ಸ್ಕೀಮ್‌ನಲ್ಲಿ ಅದರ ಹೆಸರು ಅಡಿಷನಲ್ ಮ್ಯಾಥಮ್ಯಾಟಿಕ್ಸ್. ಕೋಡ್‌ನಲ್ಲಿರೋ ಅಕ್ಷರ ಹಿಡಿದು ನಾವೆಲ್ಲ ಮ್ಯಾಟ್‌ಡಿಪ್ ಅಂತಿದ್ವಿ. ಪಾರ್ಷಿಯಲ್ ಡಿಫರೆನ್ಷಿಯೇಷನ್, ಜಾಕೋಬಿಯನ್, ಗ್ರೇಡಿಯಂಟ್, ಕರ್ಲ್, ಡಬಲ್ ಇಂಟೆಗ್ರಲ್, ಟ್ರಿಪಲ್ ಇಂಟೆಗ್ರಲ್ ಎಲ್ಲ ಅದರಲ್ಲೇ. ಕ್ರೆಡಿಟ್ ಎಷ್ಟು ಗೊತ್ತಾ? ಸೊನ್ನೆ. ಚೆನ್ನಾಗಿ ಬರೆದರೂ ನಿಮ್ಮ ಸಿಜಿಪಿಎ ಕೂದಲಷ್ಟೂ ಏರಲ್ಲ. ಆದ್ರೆ ಪಾಸಾಗದೆ ಡಿಗ್ರಿ ಕೈಗೆ ಸಿಗಲ್ಲ.

ನಮ್ಮ ಕಾಲೇಜಲ್ಲಿ, ಹೆಸರು ಬೇಡ ಬಿಡಿ, ಆ ಕ್ಲಾಸು ಶನಿವಾರ ಕೊನೇ ಪೀರಿಯಡ್. ಉಳಿದೋರೆಲ್ಲ ಬ್ಯಾಗ್ ಏರಿಸ್ಕೊಂಡು ಮನೆಗೆ ಹೋಗೋವಾಗ ಡಿಪ್ಲೊಮಾದೋರು ಮಾತ್ರ ಒಂದು ರೂಮಿಗೆ. ಒಂದು ದಿನ ಮೇಷ್ಟ್ರು ಕೇಳಿದ್ರು: 'ಒಂದು ಗುಡ್ಡ. ಪೂರ್ವಕ್ಕೆ ನಡೆದರೆ 100 ಮೀಟರಿಗೆ 3 ಮೀಟರ್ ಏರು, ಉತ್ತರಕ್ಕೆ ನಡೆದರೆ 4 ಮೀಟರ್. ಅತಿ ಕಡಿದಾದ ಏರು ಎಷ್ಟು?' ನಾನು ಜೋರಾಗಿ '7' ಅಂದೆ. ಅರ್ಧ ಕ್ಲಾಸು ನನ್ನ ಜೊತೆಗೇ ಅಂತು. 'ಇದು ಫಸ್ಟ್ ಇಯರ್ ವಿಷಯ, ಗೊತ್ತಿರಬೇಕಿತ್ತು' ಅಂತ ಹೇಳಿ ಮೇಷ್ಟ್ರು ಮುಂದಕ್ಕೆ ಹೋದ್ರು. ಫಸ್ಟ್ ಇಯರ್ ನಾವು ಓದಿದ್ರೆ ತಾನೇ! ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ 30ಕ್ಕೆ 4 ಬಂತು. ಅವೆನ್ಯೂ ರೋಡ್‌ನಲ್ಲಿ ಗ್ರೆವಾಲ್ ಪುಸ್ತಕದ ಹಳೇ ಪ್ರತಿ ತಂದೆ. ಇಟ್ಟಿಗೆ ತೂಕ. ತೆರೆದರೆ ನಿದ್ದೆ.

ಬದುಕಿಸಿದ್ದು ಸರ್ವೆ. ನನ್ನ ಸೆಕ್ಷನ್‌ನಲ್ಲಿ ಮಲ್ಲೇಶ್ವರದ ಒಬ್ಬ ಹುಡುಗಿ ಇದ್ದಳು. ಪಿಯುಸಿ ಮಾಡಿ ಬಂದವಳು, ಗಣಿತದಲ್ಲಿ ಚುರುಕು. ಆದ್ರೆ ಡಂಪಿ ಲೆವೆಲ್ ನಿಲ್ಲಿಸೋಕೆ ಅವಳಿಗೆ ಬರ್ತಿರಲಿಲ್ಲ, ಗುಳ್ಳೆ ಮಧ್ಯಕ್ಕೆ ತರೋಷ್ಟರಲ್ಲಿ ಬಿಸಿಲಿಗೆ ಸುಸ್ತು. ನಾನು ಡಿಪ್ಲೊಮಾದಲ್ಲಿ ಅದನ್ನ ನೂರು ಸಲ ಮಾಡಿದ್ದೆ. ಒಪ್ಪಂದ ಆಯ್ತು: ನಾನು ಅವಳಿಗೆ ಸರ್ವೆ, ಅವಳು ನನಗೆ ಮ್ಯಾಟ್‌ಡಿಪ್.

ಒಂದು ಭಾನುವಾರ ಬಸವನಗುಡಿಯ ಕಹಳೆ ಬಂಡೆ ಪಾರ್ಕ್‌ನಲ್ಲಿ ಕೂತ್ವಿ. (ವಿದ್ಯಾರ್ಥಿ ಭವನದ ಮುಂದಿನ ಕ್ಯೂ ನೋಡಿ ದೋಸೆ ಆಸೆ ಬಿಟ್ಟಿದ್ವಿ. 1943ರಲ್ಲಿ ವಿದ್ಯಾರ್ಥಿಗಳಿಗೆ ಅಂತ ಶುರುವಾದ ಹೋಟ್ಲು, ವಿದ್ಯಾರ್ಥಿಗಳಿಗೇ ಜಾಗ ಇಲ್ಲ.) ಅವಳು ಕಾಂಟೂರ್ ಗೆರೆ ಅಂದ್ರೇನು ಅಂದಳು. ಬಂಡೆ ತೋರಿಸಿ ಹೇಳಿದೆ: ಒಂದೇ ಎತ್ತರದಲ್ಲಿರೋ ಜಾಗಗಳನ್ನೆಲ್ಲ ಸುತ್ತಿಸಿ ದಾರ ಕಟ್ಟು, ಅದು ಕಾಂಟೂರ್. ಒಂದು ಮೀಟರ್ ಮೇಲೆ ಇನ್ನೊಂದು ದಾರ. ದಾರಗಳು ಹತ್ತಿರ ಬಂದ ಕಡೆ ಇಳಿಜಾರು ಕಡಿದು. ಮಳೆ ನೀರು ಯಾವಾಗ್ಲೂ ದಾರವನ್ನ ಅಡ್ಡಕ್ಕೆ, ಸರಿಯಾಗಿ 90 ಡಿಗ್ರಿಗೆ ಕತ್ತರಿಸಿಕೊಂಡು ಇಳಿಯುತ್ತೆ.

ಅವಳು ನನ್ನನ್ನೇ ನೋಡಿದಳು. 'ಲೋ, ಇದೇ ಗ್ರೇಡಿಯಂಟ್ ಕಣೋ. ನೀರು ಇಳಿಯೋ ದಿಕ್ಕಿಗೆ ತಿರುಗಿಸಿ ಮೈನಸ್ ಹಾಕು, ಅಷ್ಟೇ. ಇಷ್ಟು ಗೊತ್ತಿದ್ದೂ 7 ಅಂದ್ಯಾ?'

ಆಮೇಲೆ ನೋಟ್‌ಬುಕ್ಕಿನಲ್ಲಿ ಆ ಗುಡ್ಡ ಹತ್ತಿಸಿದಳು. ಪೂರ್ವಕ್ಕೆ 100, ಉತ್ತರಕ್ಕೆ 100 ನಡೆದರೆ 7 ಮೀಟರ್ ಏರ್ತೀಯ, ನಿಜ. ಆದ್ರೆ ನೆಟ್ಟಗೆ ಹೋದರೂ ಅದು 141 ಮೀಟರ್ ದೂರ. ಈಗ ಪೂರ್ವಕ್ಕೆ 60, ಉತ್ತರಕ್ಕೆ 80 ಹಿಡಿ. ನೇರ ದೂರ ಸರಿಯಾಗಿ 100. ಏರಿದ್ದು? 1.8 ಮತ್ತು 3.2 ಸೇರಿ 5. ಬೇರೆ ಯಾವ ದಿಕ್ಕಿಗೆ ಹೋದರೂ 100 ಮೀಟರಿಗೆ 5ಕ್ಕಿಂತ ಕಮ್ಮಿ. ಪೂರ್ವದ ಏರು ಒಂದು ಪಾರ್ಷಿಯಲ್ ಡೆರಿವೇಟಿವ್, ಉತ್ತರದ್ದು ಇನ್ನೊಂದು. ಒಂದನ್ನ ಅಳೆಯೋವಾಗ ಇನ್ನೊಂದು ದಿಕ್ಕಿಗೆ ಕದಲಬಾರದು. ಸರ್ವೆ ಕ್ಯಾಂಪ್‌ನಲ್ಲಿ ನಾವು ಸ್ಟಾಫ್ ಹಿಡ್ಕೊಂಡು ಒಂದೇ ಲೈನ್‌ನಲ್ಲಿ ನಡೀತಿದ್ವಲ್ಲ, ಅದೇ!

ಡಬಲ್ ಇಂಟೆಗ್ರಲ್ ಇನ್ನೂ ಸುಲಭಕ್ಕೆ ಬಿತ್ತು. ಸೈಟನ್ನ ಚೌಕಗಳಾಗಿ ಮಾಡಿ, ಮೂಲೆಗಳ ಲೆವೆಲ್ ತಗೊಂಡು, ಸರಾಸರಿ ಆಳಕ್ಕೆ ಚೌಕದ ವಿಸ್ತೀರ್ಣ ಗುಣಿಸಿ, ಎಲ್ಲ ಕೂಡಿದ್ರೆ ಎಷ್ಟು ಮಣ್ಣು ತೆಗೀಬೇಕು ಅಂತ ಸಿಗುತ್ತೆ. ಆ ಚೌಕ ಚಿಕ್ಕದು ಮಾಡ್ತಾ ಹೋಗು ಅಂದಳು. ಅಷ್ಟೇನಾ ಅಂದೆ. ಅಷ್ಟೇ ಅಂದಳು. ಮೂರು ವರ್ಷ ನಾನು ಕೈಯಲ್ಲಿ ಮಾಡಿದ ಕೆಲಸಕ್ಕೆ ಇಂಗ್ಲಿಷಲ್ಲಿ ಹೆಸರಿದೆ ಅಂತ ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ನಮ್ಮನ್ನ ಏನೂ ಗೊತ್ತಿಲ್ಲದೋರು ಅಂತ ಶನಿವಾರದ ರೂಮಿಗೆ ಹಾಕಿದ್ರು. ಗೊತ್ತಿದ್ದ ಜಾಗದಿಂದಲೇ ಶುರು ಮಾಡಬಹುದಿತ್ತು.

ಅಲ್ಲಿ ಕೂತ್ಕೊಂಡೇ ಅವಳಿಗೆ ಇನ್ನೊಂದು ಹೇಳಿದೆ. ನಮ್ಮೂರು ಇರೋದು ದಿಣ್ಣೆ ಮೇಲೆ, ಸುಮಾರು 920 ಮೀಟರ್ ಎತ್ತರ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತೆ ಅನ್ನೋ ವೃಷಭಾವತಿ ಪಶ್ಚಿಮಕ್ಕೆ ಇಳಿದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ. ಒಂದೇ ಮಳೆ, ಗ್ರೇಡಿಯಂಟ್ ಬೇರೆ. ಇದನ್ನ ಅವಳು ತನ್ನ ನೋಟ್ಸಲ್ಲಿ ಬರ್ಕೊಂಡಳು. ನಾನು ಹೇಳಿದ್ದನ್ನ ಯಾರೋ ಬರ್ಕೊಂಡಿದ್ದು ಆ ಕಾಲೇಜಲ್ಲಿ ಅದೇ ಮೊದಲು.

ಮ್ಯಾಟ್‌ಡಿಪ್ ಪಾಸಾಯ್ತು. ಕರ್ಲ್ ಮಾತ್ರ ಬಾಯಿಪಾಠ ಹೊಡೆದು ಬರೆದೆ, ಇವತ್ತಿಗೂ ಅರ್ಥ ಆಗಿಲ್ಲ, ಗೊತ್ತಿರೋರು ಕಾಮೆಂಟ್ ಮಾಡಿ. ಅವಳು ಸರ್ವೆ ಲ್ಯಾಬ್‌ನಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡಳು, ಆ ಹೊಟ್ಟೆಕಿಚ್ಚು ಬೇರೆ. ಮಾರ್ಕ್ಸ್ ಕಾರ್ಡ್ ಮನೆಗೆ ತಂದ ದಿನ ಅಮ್ಮ ಕನ್ನಡಕ ಹಾಕ್ಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದ್ರು. ಕ್ರೆಡಿಟ್ ಕಾಲಂಗೆ ಬಂದು ನಿಂತ್ರು.

'ಇದೇನೋ, ಗಣಿತದಲ್ಲಿ ಸೊನ್ನೆ?'

'ಅದು ಪಾಸಮ್ಮ' ಅಂದೆ. ನಂಬಿಸೋಕೆ ಅರ್ಧ ಗಂಟೆ ಹಿಡೀತು.