ಪರಪರ ಎನ್ನುವ ಚೀಲ ಕಲಿಸಿದ ಪಾಠ



ವಿಜ್ಞಾನ ಬೋಧನೆಯ ಬಗ್ಗೆ ನಾಲ್ಕು ಮಾತು ಆಡಲು ನನಗೆ ಹೇಳಿದ್ದಾರೆ. ನಾನು ಸೋತ ಒಂದು ಪಾಠದಿಂದಲೇ ಆರಂಭಿಸುತ್ತೇನೆ.

ಹತ್ತನೇ ತರಗತಿಗೆ ಕಾರ್ಬನ್ ಸಂಯುಕ್ತಗಳ ಪಾಠ ನಡೆದಿತ್ತು. ಸಾವಿರಾರು ಈಥೀನ್ ಅಣುಗಳು ಕೂಡಿ ಪಾಲಿಥೀನ್ ಎಂಬ ಉದ್ದ ಸರಪಳಿಯಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಹಾಲಿನ ಪಾಕೀಟು, ಅಂಗಡಿಯ ಕ್ಯಾರಿಬ್ಯಾಗು ಎರಡೂ ಪಾಲಿಥೀನ್ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಎರಡೂ ಒಂದೇ ಅಂದ್ರಿ. ಹಾಲಿನ ಪಾಕೀಟ ಮೆತ್ತಗದ, ಜಗ್ಗಿದ್ರ ಹಿಗ್ಗತದ. ಕ್ಯಾರಿಬ್ಯಾಗ ಯಾಕ ಪರಪರ ಅಂತದ ಸರ್?” ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂಡು” ಎಂದುಬಿಟ್ಟೆ. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ಓದಿ ತಿಳಿದುಕೊಂಡು, ಮುಂದಿನ ವಾರ ಮಕ್ಕಳನ್ನು ಜೋಳದ ಬಣವಿಯ ಹತ್ತಿರ ಕರೆದೊಯ್ದೆ. ನೇರವಾದ ಕಣಿಕಿ ಒತ್ತೊತ್ತಾಗಿ ಕೂಡುತ್ತದೆ. ಕವಲೊಡೆದ ಜಾಲಿ ಟೊಂಗೆಗಳನ್ನು ಎಷ್ಟು ಒಟ್ಟಿದರೂ ನಡುವೆ ಸಂದು ಉಳಿಯುತ್ತದೆ. ಪಾಲಿಥೀನ್ ಕಥೆಯೂ ಇದೇ. 1933ರಲ್ಲಿ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಒತ್ತಡದಲ್ಲಿ ದೊರೆತ ಪಾಲಿಥೀನ್ ಸರಪಳಿಗೆ ಕವಲುಗಳಿದ್ದವು. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ವೇಗವರ್ಧಕ ಬಳಸಿ, ಕಡಿಮೆ ಒತ್ತಡದಲ್ಲೇ ಬಹುಮಟ್ಟಿಗೆ ಕವಲಿಲ್ಲದ ಸರಪಳಿ ಪಡೆದರು. ಕವಲಿದ್ದದ್ದು ಸಡಿಲ, ಅದೇ ಮೆತ್ತನೆಯ ಹಾಲಿನ ಪಾಕೀಟು. ನೇರವಾದದ್ದು ಬಿಗಿ, ಅದೇ ಪರಪರ ಎನ್ನುವ ಚೀಲ.

ಆಮೇಲೆ ಮೈದಾನದಲ್ಲಿ ಮಕ್ಕಳನ್ನು ಎರಡು ಸಾಲು ನಿಲ್ಲಿಸಿದೆ. ಸಾಲುಗಳು ಒಂದರ ಪಕ್ಕ ಒಂದು ಸುಲಭವಾಗಿ ಸರಿದವು. ಕಾಯಿಸಿದರೆ ಕರಗುವ ಪ್ಲಾಸ್ಟಿಕ್ ಹೀಗೆ. ಆ ಸಾಲಿನವರು ಈ ಸಾಲಿನವರ ಕೈ ಹಿಡಿದಾಗ ಯಾರೂ ಸರಿಯಲಾಗಲಿಲ್ಲ. ಕರೆಂಟಿನ ಸ್ವಿಚ್ಚಿನ ಬೇಕಲೈಟ್ ಹೀಗೆ. ಅದು ಸುಟ್ಟು ಕರಕಾದೀತು, ಮತ್ತೆ ಕರಗಿ ಅಚ್ಚಿಗೆ ಬರದು.

ಇದು ಅಂಕದ ಮಾತಷ್ಟೇ ಅಲ್ಲ. ಚಳಿಗಾಲದಲ್ಲಿ ನಮ್ಮ ಹುಡುಗರು ಹೊಲದ ಪಿವಿಸಿ ಪೈಪಿನ ಚೂರು ಸುಟ್ಟು ಚಳಿ ಕಾಯಿಸಿಕೊಳ್ಳುತ್ತಿದ್ದರು. ಆ ಸರಪಳಿಯಲ್ಲಿ ಕ್ಲೋರಿನ್ ಇದೆ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಎದೆಗೆ ಇಳಿಯುತ್ತದೆ. “ಸುಡಬೇಡಿ” ಎಂದು ನಾನು ಬೈದಾಗ ಯಾರೂ ಬಿಡಲಿಲ್ಲ. ಸರಪಳಿ ಅರ್ಥವಾದ ಮೇಲೆ ತಾವೇ ಬಿಟ್ಟರು. 2016ರಲ್ಲಿ ನಮ್ಮ ರಾಜ್ಯದಲ್ಲಿ ಕ್ಯಾರಿಬ್ಯಾಗ್ ಏಕೆ ನಿಷೇಧವಾಯಿತು ಎಂಬುದೂ ಅವರಿಗೆ ತಿಳಿಯಿತು. ಆ ಉದ್ದ ಕಾರ್ಬನ್ ಸರಪಳಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸುಲಭವಾಗಿ ತುಂಡರಿಸಲಾರವು.

ಶಿಕ್ಷಕ ಮಿತ್ರರೇ, ಮಗು ‘ಯಾಕ’ ಎಂದರೆ, “ನನಗೂ ಗೊತ್ತಿಲ್ಲ, ನಾಳೆ ನೋಡೋಣ” ಎನ್ನಲು ನಾಚಬೇಡಿ. ಆ ಹುಡುಗಿ ಈ ಸಭೆಯಲ್ಲಿದ್ದರೆ ಕೇಳಲಿ: ಅಂದು ‘ಕೂಡು’ ಎಂದ ಮಾತನ್ನು ಇಂದು ಹಿಂದಕ್ಕೆ ಪಡೆಯುತ್ತೇನೆ. ಏಳವ್ವ, ಇನ್ನೂ ಕೇಳು.