ಕೈ ಮಾಡುವ ಮಗು ಮತ್ತು ಶಾಲೆ

ಸಂಜೆ ಶಾಲೆ ಬಿಡುವ ಹೊತ್ತಿಗೆ ಬಿಜೈಯಂಥ ಬಡಾವಣೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರ ನಡುವೆ ಒಂದು ದೂರು ಆಗಾಗ ಕೇಳಿಬರುವುದುಂಟು: “ಆ ಹುಡುಗ ನಮ್ಮವನಿಗೆ ಹೊಡೆದನಂತೆ. ಅಂಥವನನ್ನು ಶಾಲೆಯಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ?” ಪೆಟ್ಟು ತಿಂದ ಮಗುವಿನ ತಾಯಿಯ ಸಂಕಟ ನ್ಯಾಯವಾದುದೇ. ಆದರೆ ಪೆಟ್ಟು ಕೊಟ್ಟವನೂ ಮಗುವೇ ಅಲ್ಲವೆ? ಅವನಿಗಾಗಿ ಶಾಲೆ ಏನು ಮಾಡಬಲ್ಲದು ಎಂಬುದನ್ನು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

‘ದಂಡಂ ದಶಗುಣಂ’ ಎಂದು ನಂಬಿದ ಕಾಲವೊಂದಿತ್ತು. ಉಪಾಧ್ಯಾಯರ ಮೇಜಿನ ಮೇಲೆ ನಾಗರಬೆತ್ತ ಇರುತ್ತಿತ್ತು. ಬೆತ್ತಕ್ಕೂ ಬಗ್ಗದವನ ಕೈಗೆ ವರ್ಗಾವಣೆ ಪತ್ರ ಬರುತ್ತಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಈ ಎರಡು ದಾರಿಗಳೂ ಮುಚ್ಚಿವೆ. ಅದರ 17ನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. 16ನೆಯ ಕಲಮಿನಂತೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹಾಗಾದರೆ ಉಪಾಧ್ಯಾಯರು ಕೈಕಟ್ಟಿ ಕುಳಿತಿರಬೇಕೆ? ಹಾಗಲ್ಲ. ಬೆತ್ತ ಕಲಿಸುತ್ತಿದ್ದುದಾದರೂ ಏನು? ದೊಡ್ಡವನು ಚಿಕ್ಕವನನ್ನು ಹೊಡೆಯಬಹುದು ಎಂಬುದನ್ನೇ! ಆ ಪಾಠ ಈ ಹುಡುಗನಿಗೆ ಮೊದಲೇ ಬಾಯಿಪಾಠವಾಗಿರುತ್ತದೆ.

ಮಗು ಕೈ ಎತ್ತುವುದೇಕೆ ಎಂಬುದನ್ನು ಮೊದಲು ನೋಡೋಣ. ಮಳೆಗಾಲದ ಬೆಳಿಗ್ಗೆ. ಶಾಲೆಯ ಜಗಲಿಯ ತುಂಬ ಒದ್ದೆ ಕೊಡೆಗಳು. ನೂಕುನುಗ್ಗಲಿನಲ್ಲಿ ಒಬ್ಬನ ಕೊಡೆ ಇನ್ನೊಬ್ಬನಿಗೆ ತಗಲುತ್ತದೆ. ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಅದನ್ನು ಮರೆತುಬಿಡುತ್ತಾರೆ. ಹತ್ತನೆಯವನು, “ಬೇಕೆಂದೇ ಚುಚ್ಚಿದ” ಎಂದುಕೊಂಡು ತಿರುಗಿ ಗುದ್ದುತ್ತಾನೆ. ಅಮೆರಿಕದ ಮನೋವಿಜ್ಞಾನಿ ಕೆನೆತ್ ಡಾಜ್ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುದು ಇದನ್ನೇ. ಎದುರಿನವನ ಉದ್ದೇಶ ಸ್ಪಷ್ಟವಿಲ್ಲದಾಗ ಜಗಳಗಂಟ ಹುಡುಗರು ಅದನ್ನು ಕೇಡೆಂದೇ ಎಣಿಸುತ್ತಿದ್ದರು. ಆಕಸ್ಮಿಕವೆಂದು ಸ್ಪಷ್ಟವಾದಾಗ ಅವರೂ ತಡೆದುಕೊಳ್ಳುತ್ತಿದ್ದರು. ಎಂದರೆ, ಅವನ ಕೈಯನ್ನು ತಿದ್ದುವ ಮೊದಲು ಅವನ ಊಹೆಯನ್ನು ತಿದ್ದಬೇಕು. ತಡೆದು ನಿಲ್ಲುವುದು, “ಯಾಕೆ ತಾಗಿಸಿದೆ?” ಎಂದು ಕೇಳುವುದು, “ನನಗೆ ಸಿಟ್ಟು ಬಂದಿದೆ” ಎಂದು ಬಾಯಿಬಿಟ್ಟು ಹೇಳುವುದು, ಇವೆಲ್ಲ ಮಗ್ಗಿಯಂತೆ ದಿನದಿನವೂ ಅಭ್ಯಾಸದಿಂದ ಬರತಕ್ಕ ವಿದ್ಯೆಗಳು.

ಇದಕ್ಕೆ ಆಟವೂ ಒಂದು ಸಾಧನ. 1969ರಲ್ಲಿ ಅಮೆರಿಕದಲ್ಲಿ ‘ಸನ್ನಡತೆಯ ಆಟ’ ಎಂಬುದೊಂದನ್ನು ಪರೀಕ್ಷಿಸಿದರು. ತರಗತಿಯನ್ನು ತಂಡಗಳಾಗಿ ಮಾಡಿ, ನಿಯಮ ಮುರಿದ ತಂಡದ ಹೆಸರಿನ ಮುಂದೆ ಕರಿಹಲಗೆಯಲ್ಲಿ ಗುರುತು ಹಾಕುವುದು. ಗುರುತುಗಳು ಮಿತಿಯೊಳಗಿದ್ದರೆ ಎಲ್ಲ ತಂಡಗಳೂ ಗೆಲ್ಲಬಹುದು. 1985ರ ಸುಮಾರಿಗೆ ಬಾಲ್ಟಿಮೋರ್ ನಗರದ ಒಂದನೆಯ ತರಗತಿಗಳಲ್ಲಿ ಇದನ್ನು ಆಡಿಸಿ, ಆ ಮಕ್ಕಳು ಇಪ್ಪತ್ತರ ಆಸುಪಾಸಿಗೆ ಬಂದಾಗ ಮತ್ತೆ ವಿಚಾರಿಸಿದರು. ಚಿಕ್ಕಂದಿನಲ್ಲಿ ಅತಿ ಜಗಳಗಂಟರಾಗಿದ್ದ ಗಂಡುಮಕ್ಕಳಿಗೇ ಅದರಿಂದ ಹೆಚ್ಚು ಪ್ರಯೋಜನವಾಗಿತ್ತು. ಆಟ ಆಡದಿದ್ದ ಅಂಥ ಹುಡುಗರಿಗಿಂತ ಇವರಲ್ಲಿ ಮಾದಕ ವಸ್ತುಗಳ ಚಟ ಕಡಿಮೆಯಿತ್ತು.

ನಮ್ಮ ನಾಡಿನಲ್ಲಿಯೂ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರೌಢಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿತು. ಹೊರಗಿನ ತಜ್ಞರಲ್ಲ, ತರಬೇತಿ ಪಡೆದ ಉಪಾಧ್ಯಾಯರೇ ಚಟುವಟಿಕೆ, ಗುಂಪುಚರ್ಚೆಗಳ ಮೂಲಕ ಇದನ್ನು ನಡೆಸುತ್ತಾರೆ. 2010ರಲ್ಲಿ ಪ್ರಕಟವಾದ ಅದರ ಪರಿಶೀಲನೆಯಂತೆ ಮಕ್ಕಳ ಆತ್ಮಗೌರವವೂ, ಉಪಾಧ್ಯಾಯರೊಡನೆ ಹೊಂದಿಕೊಳ್ಳುವ ಗುಣವೂ ಹೆಚ್ಚಿದವು. ಆದರೆ ಮಾನಸಿಕ ತೊಂದರೆಗಳ ವಿಷಯದಲ್ಲಿ ಅಂತರ ಕಾಣಲಿಲ್ಲ. ಇದು ನಾವು ನೆನಪಿಡತಕ್ಕ ಮಾತು. ತರಗತಿಯ ಪಾಠ ಎಲ್ಲರಿಗೂ ಹಿತ. ಆದರೆ ತೀರ ಕಷ್ಟದಲ್ಲಿರುವ ಮಗುವಿಗೆ ಅಷ್ಟೇ ಸಾಲದು.

ಅಂಥ ಮಗುವಿಗೆ ಶಾಲೆಯೂ ಮನೆಯೂ ಒಂದೇ ಮಾತು ಆಡಬೇಕು. ಶಾಲೆಯಲ್ಲಿ ಸಮಾಧಾನ, ಮನೆಯಲ್ಲಿ ಬೆಲ್ಟು ಎಂದಾದರೆ ಮಗು ಯಾವುದನ್ನು ಕಲಿತೀತು? ಶಾಲೆಯಿಂದ ಕರೆ ಬಂದಾಗ ತಂದೆತಾಯಿಗಳು ಅವಮಾನವೆಂದು ಕೆರಳದೆ ಹೋಗಬೇಕು. ಜಗಳ ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಆಗುತ್ತದೆಂದು ಕೇಳಿ ತಿಳಿಯಬೇಕು. ಮಗು ಸಿಟ್ಟನ್ನು ತಡೆದುಕೊಂಡ ದಿನ ಅದನ್ನು ಗುರುತಿಸಿ ಮೆಚ್ಚಬೇಕು. ಕಿವಿ ಸರಿಯಾಗಿ ಕೇಳಿಸುತ್ತದೆಯೆ, ಓದಲು ಕಷ್ಟವಾಗುತ್ತಿದೆಯೆ, ನಿದ್ದೆ ಸಾಕಾಗುತ್ತದೆಯೆ, ಅವನೇ ಬೇರೆ ಯಾರಿಂದಲಾದರೂ ಪೆಟ್ಟು ತಿನ್ನುತ್ತಿದ್ದಾನೆಯೆ ಎಂದು ನೋಡಬೇಕು. ಆದರೂ ಹತೋಟಿಗೆ ಬಾರದಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಫೋನು ಮಾಡಿಯೂ ಸಲಹೆ ಪಡೆಯಬಹುದು.

ಪೆಟ್ಟು ತಿಂದ ಮಗುವನ್ನು ಮರೆಯಬೇಕೆಂದು ಇದರ ಅರ್ಥವಲ್ಲ. ಅದಕ್ಕೆ ರಕ್ಷಣೆ ಅಂದಂದೇ ಸಿಗಬೇಕು. ಹೊಡೆದವನು ತಾನು ಮಾಡಿದ ನಷ್ಟವನ್ನು ತುಂಬಿಕೊಡುವುದನ್ನೂ ಕಲಿಯಬೇಕು. ಆದರೆ ಹೊರದೂಡಿದ ಹುಡುಗ ಎಲ್ಲಿಗೆ ಹೋಗುತ್ತಾನೆ? ಇನ್ನೊಂದು ಶಾಲೆಗೆ, ಇಲ್ಲವೆ ಬೀದಿಗೆ. ಅಲ್ಲಿಯೂ ಯಾರದೋ ಮಕ್ಕಳಿರುತ್ತಾರೆ. ಗಿಡವಾಗಿರುವಾಗ ಬಗ್ಗಿಸಬೇಕೆಂಬ ಮಾತು ನಮಗೆಲ್ಲ ಗೊತ್ತು. ಮುರಿಯದಂತೆ ಬಗ್ಗಿಸುವ ತಾಳ್ಮೆ ನಮ್ಮದಾಗಲಿ.