ಏಳು ಮಿಲಿಮೀಟರಿನ ತೋಟಾ

ಆಫ್ರಿಕದ ಬೇಟೆ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ಆನೆ, ಸಿಂಹ, ಕಾಡೆಮ್ಮೆಗಳು. ಅವುಗಳೆದುರು ಭಾರಿ ಜೋಡುನಳಿಗೆಯ ಕೋವಿಯನ್ನು ಹಿಡಿದು ನಿಂತ ಶಿಕಾರಿ. ಇದು ಸಿನೆಮಾ ನಮಗೆ ಕಲಿಸಿಕೊಟ್ಟ ಚಿತ್ರ. ದಕ್ಷಿಣ ಆಫ್ರಿಕದಲ್ಲಾಗಲಿ ನಮೀಬಿಯದಲ್ಲಾಗಲಿ ನಡೆಯುವ ಬೇಟೆಯಲ್ಲಿ ಹೆಚ್ಚಿನ ಪಾಲು ಇಂಥದ್ದಲ್ಲ. ಅದು ಹುಲ್ಲು, ಚಿಗುರು ಮೇಯುವ ಪ್ರಾಣಿಗಳ ಬೇಟೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದಷ್ಟೇ ಇರುವ ಸ್ಪ್ರಿಂಗ್‌ಬಕ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ಇಂಪಾಲ, ತಿರುಚಿದ ಕೊಂಬಿನ ಕುಡು, ಈಟಿಯಂಥ ನೇರಕೊಂಬಿನ ಓರಿಕ್ಸ್, ವಿಲ್ಡಬೀಸ್ಟ್, ಜೀಬ್ರಾ—ಇವೆಲ್ಲವನ್ನೂ ಕೂಡಿಸಿ ‘ಬಯಲು ಬೇಟೆ’ ಎನ್ನುತ್ತಾರೆ. ಈ ಬೇಟೆಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹೆಸರು ಉಳಿಸಿಕೊಂಡು ಬಂದಿರುವ ಒಂದು ಸಣ್ಣ ವಸ್ತುವಿನ ವಿಚಾರವನ್ನು ಈಗ ನಿಮ್ಮ ಮುಂದಿಡುತ್ತೇನೆ. ಅದೇ ಏಳು ಮಿಲಿಮೀಟರಿನ ಮೌಸರ್ ತೋಟಾ.

ತೋಟಾ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಹಿತ್ತಾಳೆಯ ಒಂದು ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಸಣ್ಣ ಟೊಪ್ಪಿಗೆ, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಇಷ್ಟು ಸೇರಿದರೆ ಒಂದು ತೋಟಾ. ನಾನು ಹೇಳುತ್ತಿರುವ ತೋಟಾ ನಿಮ್ಮ ನಡುಬೆರಳಿನಷ್ಟು ಉದ್ದವಿರುತ್ತದೆ. ಅದು ಹಾಯುವ ನಳಿಗೆಯ ಒಳ ಅಗಲ ೭ ಮಿಲಿಮೀಟರು, ಹಿತ್ತಾಳೆ ಕೋಶದ ಉದ್ದ ೫೭ ಮಿಲಿಮೀಟರು. ಈ ಎರಡು ಅಂಕಿಗಳೇ ಅದರ ಹೆಸರು. ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಪೌಲ್ ಮೌಸರ್ ಇದನ್ನು ರೂಪಿಸಿದ್ದು ೧೮೯೨ರಲ್ಲಿ. ಮರುವರ್ಷವೇ ಸ್ಪೇನ್ ದೇಶದ ಸೈನ್ಯ ಇದನ್ನು ತನ್ನದನ್ನಾಗಿ ಮಾಡಿಕೊಂಡಿತು.

ಅದಕ್ಕೆ ಹಿಂದಿನ ಕಾಲ ಹೇಗಿತ್ತು? ೧೮೭೧ರಲ್ಲಿ ಫ್ರೆಡರಿಕ್ ಸೆಲೂಸ್ ಎಂಬ ಇಂಗ್ಲಿಷ್ ತರುಣನೊಬ್ಬ ದಕ್ಷಿಣ ಆಫ್ರಿಕಕ್ಕೆ ಬಂದಿಳಿದ. ಮುಂದೆ ಆ ಖಂಡದ ಅತ್ಯಂತ ಹೆಸರಾಂತ ಬೇಟೆಗಾರರಲ್ಲಿ ಒಬ್ಬನೆನಿಸಿದವನು ಅವನು. ಆರಂಭದಲ್ಲಿ ಅವನು ಹಿಡಿದದ್ದು ‘ನಾಲ್ಕರ ಕೋವಿ’. ಒಂದು ಪೌಂಡು ಸೀಸಕ್ಕೆ ನಾಲ್ಕೇ ಗುಂಡು ಎಂಬುದು ಆ ಹೆಸರಿನ ಅರ್ಥ. ಆಗಿನ ಕರಿಮದ್ದಿಗೆ ವೇಗ ಕೊಡುವ ಶಕ್ತಿ ಕಡಿಮೆ. ಆ ಕೊರತೆಯನ್ನು ಗುಂಡಿನ ತೂಕದಿಂದ ತುಂಬಿಸಬೇಕಾಗಿತ್ತು. ಆ ಕೋವಿ ಎದುರಿನ ಆನೆಯನ್ನು ಉರುಳಿಸುತ್ತಿತ್ತು ನಿಜ. ಹಿಂದೆ ನಿಂತವನ ಭುಜವನ್ನೂ ಜಜ್ಜುತ್ತಿತ್ತು. ಅದರ ಒದೆತದಿಂದ ತನ್ನ ನರಗಳೇ ಕೆಟ್ಟವೆಂದೂ, ಮುಂದೆ ಹಗುರಾದ ಕೋವಿಯನ್ನು ಹಿಡಿದಾಗಲೂ ಗುರಿಯ ಮೇಲೆ ಅದರ ಪರಿಣಾಮ ಉಳಿಯಿತೆಂದೂ ಸೆಲೂಸನೇ ಬರೆದಿಟ್ಟಿದ್ದಾನೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡಿರಿ. ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಇದೇ ಬುನಾದಿ.

೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ. ಅಲ್ಲಿಂದ ಮುಂದೆ ಸಣ್ಣ ಗುಂಡನ್ನು ಅತಿ ವೇಗದಿಂದ ಹಾರಿಸುವುದು ಸಾಧ್ಯವಾಯಿತು. ಮೌಸರನ ತೋಟಾದ ಗುಂಡು ಕೇವಲ ೧೧.೨ ಗ್ರಾಂ, ಆದರೆ ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೭೦೦ ಮೀಟರು. ಅದರ ಗುಟ್ಟು ವೇಗದಲ್ಲಿ ಮಾತ್ರ ಇರಲಿಲ್ಲ, ಆಕಾರದಲ್ಲಿಯೂ ಇತ್ತು. ಗೋಣಿಚೀಲ ಹೊಲಿಯುವಾಗ ನಾವು ದಬ್ಬಳವನ್ನು ಹಿಡಿಯುತ್ತೇವೆಯೇ ಹೊರತು ಮೊಳೆಯ ತಲೆಯಿಂದ ಒತ್ತುವುದಿಲ್ಲ. ತೆಳ್ಳಗೆ ಉದ್ದವಾಗಿ ಭಾರವಾಗಿರುವ ಗುಂಡು ಸಣ್ಣ ದಾರಿಯನ್ನು ಮಾಡಿಕೊಂಡು ಬಹು ಆಳಕ್ಕೆ ಹೋಗುತ್ತದೆ. ಇಷ್ಟಾಗಿಯೂ ಅದರ ಒದೆತ ಮೃದು. ಹೆಂಗಸರೂ ಹದಿಹರೆಯದ ಹುಡುಗರೂ ಅಂಜದೆ ಹಾರಿಸಬಹುದು.

೧೮೯೯ರಿಂದ ೧೯೦೨ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಈ ತೋಟಾ ಜಗತ್ತಿಗೆಲ್ಲ ಪರಿಚಯವಾಯಿತು. ಬೋಯರರು ಒಕ್ಕಲು ಮಕ್ಕಳು, ಬಯಲಿನಲ್ಲಿ ಸ್ಪ್ರಿಂಗ್‌ಬಕ್ ಹೊಡೆದು ಗುರಿ ಕಲಿತವರು. ಅವರ ಕೈಗೆ ಮೌಸರ್ ಬಂದಾಗ ಬ್ರಿಟಿಷ್ ಸೈನ್ಯ ದೂರದಿಂದಲೇ ಪೆಟ್ಟು ತಿಂದಿತು. ಆ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತಂದವರಲ್ಲಿ ಗಾಂಧೀಜಿಯವರು ನಾತಾಳದಲ್ಲಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದವರೂ ಇದ್ದರೆಂಬುದು ನಿಮಗೆ ಗೊತ್ತೇ ಇದೆ. ಆಗಿನ ಶಸ್ತ್ರವೈದ್ಯರು ಒಂದು ವಿಚಿತ್ರವನ್ನು ಕಂಡರು. ಮೌಸರ್ ಗುಂಡು ಎಲುಬಿಗೆ ತಾಗದೆ ಹಾದುಹೋಗಿದ್ದರೆ ಗಾಯ ಚೊಕ್ಕಟವಾಗಿರುತ್ತಿತ್ತು, ಬೇಗ ಮಾಯುತ್ತಿತ್ತು. ಗುಂಡಿನ ಮೇಲೆ ಪೂರ್ತಿಯಾಗಿ ಗಟ್ಟಿ ಲೋಹದ ಹೊದಿಕೆ ಇದ್ದುದೇ ಅದಕ್ಕೆ ಕಾರಣ, ಅದು ಅರಳುತ್ತಿರಲಿಲ್ಲ.

ಇಲ್ಲಿ ಒಂದು ನೈತಿಕ ಸಮಸ್ಯೆ ಹುಟ್ಟುತ್ತದೆ. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ೧೮೯೦ರ ದಶಕದಲ್ಲಿ ತುದಿಯ ಸೀಸವನ್ನು ಬತ್ತಲೆಯಾಗಿ ಬಿಟ್ಟ ಗುಂಡುಗಳನ್ನು ಮಾಡಿದರು. ಅಂಥ ಗುಂಡು ಮೈಯೊಳಗೆ ಅಣಬೆಯಂತೆ ಅರಳುತ್ತದೆ. ಇದು ಕ್ರೂರವೆಂದು ೧೮೯೯ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಬಯಲು ಬೇಟೆಯಲ್ಲಾದರೋ ಅರಳುವ ಗುಂಡನ್ನೇ ಬಳಸಬೇಕು. ಗಟ್ಟಿ ಹೊದಿಕೆಯ ಗುಂಡು ಜಿಂಕೆಯಂಥ ಪ್ರಾಣಿಯಲ್ಲಿ ಒಂದು ಸಣ್ಣ ತೂತು ಮಾಡಿ ಆಚೆಗೆ ಹೋಗಿಬಿಡುತ್ತದೆ. ಪ್ರಾಣಿ ಓಡುತ್ತದೆ, ಗಂಟೆಗಟ್ಟಲೆ ನರಳುತ್ತದೆ. ಯುದ್ಧದಲ್ಲಿ ಎದುರಾಳಿಯನ್ನು ನಿಲ್ಲಿಸಿದರೆ ಸಾಕು, ಅವನು ಬದುಕಿ ಮನೆಗೆ ಹೋದರೆ ಒಳ್ಳೆಯದು. ಬೇಟೆಯಲ್ಲಿ ಪ್ರಾಣಿ ಬೇಗ ಸಾಯದಿದ್ದರೆ ಅದೇ ಕ್ರೌರ್ಯ. ಗುಂಡಿನ ಗುಣದೋಷವನ್ನು ಅದರ ಕೆಲಸದಿಂದ ಅಳೆಯಬೇಕೇ ಹೊರತು ಹೆಸರಿನಿಂದಲ್ಲ.

೧೯೦೭ರ ಸುಮಾರಿಗೆ ಲಂಡನ್ನಿನ ಜಾನ್ ರಿಗ್‌ಬಿ ಸಂಸ್ಥೆ ಇದೇ ತೋಟಾಕ್ಕೆ ‘.೨೭೫ ರಿಗ್‌ಬಿ’ ಎಂಬ ಇಂಗ್ಲಿಷ್ ಹೆಸರು ಕೊಟ್ಟಿತು. ಅದೇ ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ದೊರೆತದ್ದು ಈ ತೋಟಾದ ರೈಫಲು. ಕಾರ್ಬೆಟ್ಟರು ೧೯೪೭ರಲ್ಲಿ ನೈನಿತಾಲನ್ನು ಬಿಟ್ಟು ಕೀನ್ಯಕ್ಕೆ ಹೋಗಿ, ೧೯೫೫ರಲ್ಲಿ ಅಲ್ಲಿಯ ನಿಯೇರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರಿಗೆ ಕೋವಿಗಿಂತ ಕ್ಯಾಮೆರಾ ಪ್ರಿಯವಾಗಿತ್ತು.

ಆದರೆ ಈ ತೋಟಾಕ್ಕೆ ದೊಡ್ಡ ಹೆಸರನ್ನೂ, ಜೊತೆಗೆ ದೊಡ್ಡದೊಂದು ತಪ್ಪುಕಲ್ಪನೆಯನ್ನೂ ತಂದವನು ಸ್ಕಾಟ್ಲೆಂಡಿನ ಡಬ್ಲ್ಯೂ. ಡಿ. ಎಂ. ಬೆಲ್. ಉಗಾಂಡದ ಕರಮೋಜ ಪ್ರಾಂತದಲ್ಲಿಯೂ ಸುತ್ತಲಿನ ನಾಡುಗಳಲ್ಲಿಯೂ ದಂತಕ್ಕಾಗಿ ಅವನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲು ಈ ಏಳು ಮಿಲಿಮೀಟರಿನಿಂದಲೇ. ಇಂದು ಆ ಸಂಖ್ಯೆಯನ್ನು ಕೇಳಿದರೆ ನಮಗೆ ಸಂಕಟವಾಗುತ್ತದೆ. ಅದು ಬೇರೆ ಮಾತು. ಬೆಲ್‌ನ ಕಥೆ ಕೇಳಿದವರು “ಆನೆಗೇ ಸಾಕಾದ ತೋಟಾ ಮಿಕ್ಕ ಪ್ರಾಣಿಗಳಿಗೆ ಧಾರಾಳವಾಯಿತು” ಎಂದುಕೊಂಡರು. ಅವನು ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳು ಎಲ್ಲಿದೆ, ಯಾವ ಕೋನದಿಂದ ಹೋದರೆ ಅದು ಸಿಕ್ಕುತ್ತದೆ ಎಂದು ಕಲಿತಿದ್ದ. ಹತ್ತಿರ ಹೋಗುವ ಸೈರಣೆ ಅವನಲ್ಲಿತ್ತು. ಆನೆಯನ್ನು ಕೊಂದದ್ದು ತೋಟಾ ಒಂದೇ ಅಲ್ಲ, ಅದರ ಹಿಂದಿದ್ದ ತಿಳಿವಳಿಕೆ. ಕಥೆ ಕೇಳಿದವರು ತೋಟಾವನ್ನು ಕೊಂಡರು; ತಿಳಿವಳಿಕೆ ಅಂಗಡಿಯಲ್ಲಿ ಸಿಕ್ಕಲಿಲ್ಲ.

ಆದ್ದರಿಂದಲೇ ಸರಕಾರಗಳು ಅಂಕಿಗಳಲ್ಲಿ ಕಾಯಿದೆ ಬರೆಯಬೇಕಾಯಿತು. ನಮೀಬಿಯದ ನಿಯಮವನ್ನೇ ನೋಡಿ. ಅಲ್ಲಿ ಸ್ಪ್ರಿಂಗ್‌ಬಕ್ಕಿನಂಥ ಸಣ್ಣ ಪ್ರಾಣಿಗೆ ಗುಂಡಿನ ಶಕ್ತಿ ನಳಿಗೆಯ ಬಾಯಲ್ಲಿ ಕನಿಷ್ಠ ೧,೩೫೦ ಜೂಲ್ ಇರಬೇಕು. ಕುಡು, ಓರಿಕ್ಸ್, ವಿಲ್ಡಬೀಸ್ಟ್‌ಗಳಿಗೆ ೨,೭೦೦ ಜೂಲ್. ಕಾಡೆಮ್ಮೆ, ಆನೆಗಳಿಗೆ ೫,೪೦೦ ಜೂಲ್. ೨,೭೦೦ ಜೂಲ್ ಎಂದರೆ ಸುಮಾರು ೨೭೫ ಕಿಲೋ ತೂಕವನ್ನು ಒಂದು ಮೀಟರು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ. ನಮ್ಮ ಹಳೆಯ ತೋಟಾದ ಲೆಕ್ಕ ಹಾಕಿ ನೋಡಿದರೆ ಸುಮಾರು ೨,೭೪೦ ಜೂಲ್ ಬರುತ್ತದೆ. ನಡುವಣ ಗೆರೆಯನ್ನು ಅದು ಕೂದಲೆಳೆಯಷ್ಟು ಅಂತರದಲ್ಲಿ ದಾಟುತ್ತದೆ. ಬೆಲ್ ಈಗ ಅದೇ ರೈಫಲನ್ನು ಹಿಡಿದು ಆನೆಯ ಮುಂದೆ ನಿಂತರೆ ಅಪರಾಧಿಯಾಗುತ್ತಾನೆ.

ಗೆರೆ ದಾಟಿದ ಮಾತ್ರಕ್ಕೆ ಕೆಲಸ ಮುಗಿಯಿತೇ? ಇಲ್ಲ. ಆಫ್ರಿಕದ ಪ್ರಾಣಿಗಳ ಹೃದಯ ಮುಂಗಾಲುಗಳ ನಡುವೆ, ಬಹು ಕೆಳಗೆ ಇರುತ್ತದೆ. ಅನುಭವಸ್ಥರು ಕೊಡುವ ಬುದ್ಧಿವಾದ ಸರಳವಾಗಿದೆ: ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಗೆರೆ ಹಿಡಿದು ಮೇಲಕ್ಕೆ ಬನ್ನಿ, ಮೈಯ ಎತ್ತರದಲ್ಲಿ ಮೂರನೆಯ ಒಂದು ಪಾಲಿಗೆ ನಿಲ್ಲಿ. ವಿಲ್ಡಬೀಸ್ಟ್ ತನ್ನ ಎತ್ತರದ ಹೆಗಲು, ಕೇಸರಗಳಿಂದ ಕಣ್ಣಿಗೆ ಮೋಸ ಮಾಡುತ್ತದೆ. ಹೊಸಬರು ಯಾವಾಗಲೂ ಮೇಲಕ್ಕೆ ಹೊಡೆಯುತ್ತಾರೆ. ಸ್ಪ್ರಿಂಗ್‌ಬಕ್ಕಿನಲ್ಲಿ ಗುಂಡು ತಾಗಬೇಕಾದ ಜಾಗ ಒಂದು ಗೇಣಿಗಿಂತಲೂ ಕಿರಿದು. ಹಗುರಾದ ೯ ಗ್ರಾಮಿನ ಗುಂಡಿಗೆ ೨೦೦ ಮೀಟರಿಗೆ ಗುರಿ ಸರಿಮಾಡಿದ ಏಳು ಮಿಲಿಮೀಟರಿನ ರೈಫಲಿನಿಂದ ೩೦೦ ಮೀಟರಿಗೆ ಹೊಡೆದರೆ ಗುಂಡು ಒಂದು ಗೇಣಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಅಂದರೆ ಕಾಲಿಗೋ ಹೊಟ್ಟೆಗೋ ತಾಗಬಹುದು. ಅಂಥ ಪ್ರಾಣಿಯ ಜಾಡು ಹಿಡಿದು ಸ್ಥಳೀಯ ಜಾಡುಗಾರರು ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಯಬೇಕಾಗುತ್ತದೆ. ಸಂಜೆಯೊಳಗೆ ಸಿಕ್ಕದಿದ್ದರೆ ರಾತ್ರಿ ಅದು ಕತ್ತೆಕಿರುಬಗಳ ಪಾಲು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಬೇಟೆಗಾರ ಪೂರ್ತಿ ಹಣ ತೆರಬೇಕೆಂಬ ರೂಢಿ ಅಲ್ಲಿ ಸಾಮಾನ್ಯವಾಗಿದೆ. ಆ ದಂಡ ನ್ಯಾಯವೇ. ಪ್ರಾಣಿಯ ನೋವನ್ನು ಮಾತ್ರ ಅದು ಕಡಿಮೆ ಮಾಡುವುದಿಲ್ಲ.

“ಹಾಗಾದರೆ ಇನ್ನೂ ದೊಡ್ಡ ತೋಟಾ ಹಿಡಿಯಬಾರದೇಕೆ?” ಎಂದು ನೀವು ಕೇಳಬಹುದು. ಕೆಲವು ಪ್ರಾಣಿಗಳಿಗೆ ಹಿಡಿಯಲೇಬೇಕು. ಗಂಡು ಈಲ್ಯಾಂಡ್ ೯೦೦ ಕಿಲೋದವರೆಗೆ ತೂಗುತ್ತದೆ. ಅದಕ್ಕೆ ದೊಡ್ಡ ಗುಂಡೇ ವಾಸಿ. ಉಳಿದವುಗಳಿಗೆ ಸೆಲೂಸನ ಮಾತನ್ನು ನೆನೆಯಿರಿ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಕುಗ್ಗಿಸುತ್ತಾನೆ. ದೊಡ್ಡ ಗುಂಡು ಹೊಟ್ಟೆಗೆ ತಾಗಿದರೆ ದೊಡ್ಡ ಹಿಂಸೆಯಾಯಿತೇ ವಿನಾ ಒಳ್ಳೆಯ ಬೇಟೆಯಾಗಲಿಲ್ಲ. ಏಳು ಮಿಲಿಮೀಟರು ಇಷ್ಟು ಕಾಲ ಬಾಳಿದ್ದರ ರಹಸ್ಯ ಇಲ್ಲಿದೆ. ಸಾಕಾಗುವಷ್ಟು ಬಲ ಅದರಲ್ಲಿದೆ, ಕೈ ನಡುಗಿಸುವಷ್ಟು ಇಲ್ಲ. ಮೂರು ಕಾಲಿನ ಊರುಗೋಲಿನ ಮೇಲೆ ರೈಫಲನ್ನಿಟ್ಟು, ಉಸಿರು ಹಿಡಿದು, ಹತ್ತಿರಕ್ಕೆ ಬರುವವರೆಗೆ ಕಾಯಬಲ್ಲವನಿಗೆ ಅದು ನಂಬಿಕಸ್ಥ ಸಂಗಾತಿ. ಅವಸರದವನಿಗೆ ಯಾವ ತೋಟಾವೂ ನೆರವಾಗದು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಕೀನ್ಯ ೧೯೭೭ರಲ್ಲಿ ಬೇಟೆಯನ್ನು ನಿಲ್ಲಿಸಿತು. ನಮೀಬಿಯ ಬೇರೆ ದಾರಿ ಹಿಡಿದು, ೧೯೯೬ರಲ್ಲಿ ಹಳ್ಳಿಗರ ಸಂಘಗಳಿಗೇ ವನ್ಯಪ್ರಾಣಿಗಳ ಮೇಲೆ ಹಕ್ಕು ಕೊಟ್ಟು, ನಿಯಮಿತ ಬೇಟೆಯ ವರಮಾನವನ್ನೂ ಅವರಿಗೆ ಬಿಟ್ಟಿತು. ಯಾವ ದಾರಿ ಹೆಚ್ಚು ಸರಿ ಎಂಬ ಚರ್ಚೆ ಇನ್ನೂ ನಡೆದೇ ಇದೆ. ಆದರೆ ಬೇಟೆಗೆ ಅನುಮತಿಯಿರುವಲ್ಲಿ ಒಂದು ಮಾತನ್ನು ಎರಡು ಪಕ್ಷದವರೂ ಒಪ್ಪಬಹುದು. ಗುಂಡಿಗೆ ಇಷ್ಟು ಜೂಲ್ ಇರಬೇಕೆಂದು ಕಾಯಿದೆ ಬರೆಯಬಹುದು. ೩೦೦ ಮೀಟರಿನಲ್ಲಿ ಕುಡು ನಿಂತಿದೆ, ಸೂರ್ಯ ಇಳಿಯುತ್ತಿದ್ದಾನೆ, ನಾಳೆ ವಿಮಾನ ಹಿಡಿಯಬೇಕು—ಅಂಥ ಹೊತ್ತಿನಲ್ಲಿ ರೈಫಲನ್ನು ಕೆಳಗಿಳಿಸು ಎಂದು ಹೇಳುವ ಕೆಲಸವನ್ನು ಕಾಯಿದೆ ಮಾಡಲಾರದು. ಅದನ್ನು ಬೇಟೆಗಾರನೇ ತನಗೆ ತಾನು ಹೇಳಿಕೊಳ್ಳಬೇಕು.